ಎಲ್ಲ ತಂಡಗಳಿಗೂ ಪತ್ರ ಬರೆದ ಹುಡುಗ ಕೊನೆಗೆ ತಂಡವನ್ನೇ ನಡೆಸಿದ: ಕಥೆ ನಿಜ, ಆದರೆ ಪೂರ್ತಿಯಲ್ಲ

"ಹಠ ಬಿಡದವನಿಗೆ ಸೋಲಿಲ್ಲ" ಎಂಬಂಥ ಸಾಲಿನೊಂದಿಗೆ ಮುಗಿಯುವ ಕಥೆಗಳು ನಿಮ್ಮ ಫೋನಿಗೂ ಬರುತ್ತಲೇ ಇರುತ್ತವೆ. ಹತ್ತು ಕಡೆ ಬೇಡವಾದವನು ಹನ್ನೊಂದನೇ ಕಡೆ ಗೆದ್ದ, ಇಂದು ಕೋಟ್ಯಧಿಪತಿ, ಹತ್ತು ಜನರಿಗೆ ಕಳಿಸಿ. ಇಂಥವುಗಳಲ್ಲಿ ಎಷ್ಟೋ ಕಟ್ಟುಕಥೆಗಳು. ಅವು ಸುಳ್ಳೆಂದು ತೋರಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಾಗುವುದು ಕಥೆಯಲ್ಲಿನ ಪ್ರತಿ ಮಾತೂ ನಿಜವಾಗಿದ್ದು, ಅದರಿಂದ ನಾವು ತೆಗೆಯುವ ತೀರ್ಮಾನ ಮಾತ್ರ ತಪ್ಪಾದಾಗ. ಅಂಥದೊಂದು ಕಥೆ ಇಲ್ಲಿದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಳೆದ ಹೋವಿ ರೋಸ್‌ಮನ್ ಎಂಬ ಹುಡುಗನಿಗೆ ಚಿಕ್ಕಂದಿನಿಂದ ಒಂದೇ ಆಸೆ. ಅಮೆರಿಕನ್ ಫುಟ್‌ಬಾಲ್ ತಂಡವೊಂದನ್ನು ನಡೆಸಬೇಕು. ಆಡಬೇಕೆಂದಲ್ಲ, ನಡೆಸಬೇಕೆಂದು. ಕೆಲಸ ಕೇಳಿ ತಂಡಗಳಿಗೆ ಮತ್ತೆ ಮತ್ತೆ ಪತ್ರ ಬರೆದ. "ಸದ್ಯಕ್ಕೆ ಅವಕಾಶವಿಲ್ಲ" ಎಂಬ ಉತ್ತರಗಳೇ ಬಂದವು. ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಮುಗಿಸಿದ. 2000ದಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದಲ್ಲಿ ಇಂಟರ್ನ್ ಆಗಿ ಸೇರಿದ. ಹತ್ತು ವರ್ಷಗಳ ನಂತರ, 2010ರಲ್ಲಿ, 34ನೇ ವಯಸ್ಸಿಗೆ ಅದೇ ತಂಡದ ಜನರಲ್ ಮ್ಯಾನೇಜರ್. ಈ ಆಟದ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲ್ ಅನ್ನು ಈಗಲ್ಸ್ ಒಮ್ಮೆಯೂ ಗೆದ್ದಿರಲಿಲ್ಲ. ರೋಸ್‌ಮನ್ ಕಟ್ಟಿದ ತಂಡಗಳು ಅದನ್ನು 2018ರಲ್ಲಿ ಗೆದ್ದವು, 2025ರಲ್ಲಿ ಮತ್ತೆ ಗೆದ್ದವು.

ಫಾರ್ವರ್ಡ್ ಮಾಡಲು ಹೇಳಿ ಮಾಡಿಸಿದಂತಿದೆ, ಅಲ್ಲವೇ? ಪತ್ರ ಬರೆದದ್ದು, ಇಂಟರ್ನ್ ಆದದ್ದು, ಗೆದ್ದದ್ದು ಎಲ್ಲವೂ ನಡೆದದ್ದೇ. ಆದರೆ "ಬಿಡದೆ ಬಾಗಿಲು ತಟ್ಟಿದರೆ ತೆರೆಯುತ್ತದೆ" ಎಂಬುದಕ್ಕೆ ಇದು ಸಾಕ್ಷಿಯೇ? ಅದನ್ನು ತಿಳಿಯಲು ಆ ಬಾಗಿಲಿನ ಒಳಗೆ ಏನಿದೆ ಎಂದು ನೋಡಬೇಕು.

ಜನರಲ್ ಮ್ಯಾನೇಜರ್ ಅಂದರೆ ಕೋಚ್ ಅಲ್ಲ

ಅಮೆರಿಕನ್ ಫುಟ್‌ಬಾಲ್ ಎಂದರೆ ನಾವು ಫುಟ್‌ಬಾಲ್ ಎನ್ನುವ ಆಟವಲ್ಲ. ಎರಡೂ ತುದಿ ಚೂಪಾದ ಚೆಂಡು, ಹೆಲ್ಮೆಟ್, ಮೈಮೇಲೆ ಬಿದ್ದು ತಡೆಯುವ ಆಟ. ಕಾಲಿಗಿಂತ ಕೈಯ ಕೆಲಸವೇ ಹೆಚ್ಚು. 1920ರಲ್ಲಿ ಶುರುವಾದ ಎನ್‌ಎಫ್‌ಎಲ್ ಎಂಬ ಲೀಗ್‌ನಲ್ಲಿ ಈಗ 32 ತಂಡಗಳಿವೆ. ಮೈದಾನದ ಪಕ್ಕ ನಿಂತು ಕೂಗಾಡುವವರು ಕೋಚ್. ಆ ಕೋಚ್ ಕೈಗೆ ಯಾವ 53 ಆಟಗಾರರನ್ನು ಕೊಡಬೇಕು, ಯಾರಿಗೆ ಎಷ್ಟು ಸಂಬಳ, ಯಾರನ್ನು ಕೈಬಿಡಬೇಕು ಎಂದು ನಿರ್ಧರಿಸುವ ಕೆಲಸ ಹೆಚ್ಚಿನ ತಂಡಗಳಲ್ಲಿ ಜನರಲ್ ಮ್ಯಾನೇಜರ್‌ದು.

ಐಪಿಎಲ್ ನೋಡುವವರಿಗೆ ಇದರ ಅರ್ಧ ಭಾಗ ಗೊತ್ತೇ ಇದೆ. ಅಲ್ಲಿ ಪ್ರತಿ ತಂಡದ ಖರ್ಚಿಗೆ ಮಿತಿ ಇರುವಂತೆ ಇಲ್ಲಿಯೂ 1994ರಿಂದ 'ಸ್ಯಾಲರಿ ಕ್ಯಾಪ್' ಎಂಬ ಮಿತಿ ಇದೆ. ರೋಸ್‌ಮನ್ ಸೇರಿದ 2000ದಲ್ಲಿ ಅದು ತಂಡಕ್ಕೆ ಸುಮಾರು 6.2 ಕೋಟಿ ಡಾಲರ್ ಇತ್ತು. 2025ರಲ್ಲಿ ಸುಮಾರು 27.9 ಕೋಟಿ ಡಾಲರ್. ಮಾಲೀಕ ಎಷ್ಟೇ ಶ್ರೀಮಂತನಾದರೂ ಈ ಗೆರೆ ದಾಟುವಂತಿಲ್ಲ.

ವ್ಯತ್ಯಾಸ ಇರುವುದು ಹೊಸ ಆಟಗಾರರನ್ನು ತರುವ ರೀತಿಯಲ್ಲಿ. ಐಪಿಎಲ್‌ನದು ಹರಾಜು, ಹೆಚ್ಚು ಕೂಗಿದವರಿಗೆ ಆಟಗಾರ. ಎನ್‌ಎಫ್‌ಎಲ್‌ನದು 'ಡ್ರಾಫ್ಟ್', ಅಂದರೆ ಸರದಿಯ ಆಯ್ಕೆ. ಕಾಲೇಜು ಮುಗಿಸಿ ಬರುವ ಹುಡುಗರನ್ನು ತಂಡಗಳು ಒಂದಾದ ಮೇಲೊಂದರಂತೆ ಏಳು ಸುತ್ತು ಆರಿಸುತ್ತವೆ. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ತನ್ನ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಬೇರೆ ಸರದಿಗಳನ್ನೋ ಆಟಗಾರರನ್ನೋ ಪಡೆಯಬಹುದು. 21 ವರ್ಷದ ಹುಡುಗ ಮುಂದಿನ ಹತ್ತು ವರ್ಷ ಹೇಗೆ ಆಡುತ್ತಾನೆ ಎಂದು ಇಂದೇ ಹೇಳಬೇಕು. ಜನರಲ್ ಮ್ಯಾನೇಜರ್‌ನ ಹೆಸರು ಉಳಿಯುವುದೂ ಅಳಿಯುವುದೂ ಹೆಚ್ಚಾಗಿ ಇಲ್ಲಿಯೇ.

ಕೆಳಗಿನ ಮೆಟ್ಟಿಲು

ಈ ಕುರ್ಚಿಗೆ ಹೋಗುವ ಹಳೆಯ ದಾರಿ ಸ್ಕೌಟ್‌ಗಳದು, ಎಂದರೆ ಪ್ರತಿಭೆ ಹುಡುಕುವವರದು. ಕಾಲೇಜು ಮುಗಿಸಿದ ಹುಡುಗ ಸಹಾಯಕನಾಗಿ ಸೇರುತ್ತಾನೆ. ವಿಮಾನ ನಿಲ್ದಾಣದಿಂದ ಆಟಗಾರರನ್ನು ಕರೆತರುವುದು, ವಿಡಿಯೋ ಜೋಡಿಸುವುದು, ಕಡತ ತುಂಬುವುದು. ಆಗಸ್ಟ್ ಕೊನೆಯಲ್ಲಿ ತಂಡವನ್ನು 90ರಿಂದ 53ಕ್ಕೆ ಇಳಿಸುವಾಗ, ಕೈಬಿಟ್ಟ ಆಟಗಾರನ ಬಳಿ ಹೋಗಿ "ಕೋಚ್ ಕರೀತಿದ್ದಾರೆ" ಎಂದು ಹೇಳುವ ಕೆಲಸವೂ ಹಲವು ತಂಡಗಳಲ್ಲಿ ಇಂಥ ಕಿರಿಯರ ಪಾಲಿಗೆ ಬರುತ್ತದೆ. ಅವರನ್ನು ಕಂಡರೆ ಆಟಗಾರರ ಎದೆ ಝಲ್ಲೆನ್ನುತ್ತದೆ. ಎರಡು ಮೂರು ವರ್ಷ ಕಳೆದರೆ ಒಂದು ಪ್ರದೇಶದ ಸ್ಕೌಟ್: ವರ್ಷದಲ್ಲಿ ತಿಂಗಳುಗಟ್ಟಲೆ ಕಾರು, ಹೋಟೆಲ್, ಕಾಲೇಜು ಮೈದಾನ, ವರದಿ. ಆಮೇಲೆ ಇಡೀ ದೇಶದ ಹುಡುಗರನ್ನು ಮರುಪರಿಶೀಲಿಸುವ ಹುದ್ದೆ, ನಂತರ ನಿರ್ದೇಶಕ, ಸಹಾಯಕ ಜನರಲ್ ಮ್ಯಾನೇಜರ್.

ಇದಕ್ಕೆ ಎಷ್ಟು ಕಾಲ ಬೇಕು? ಬಾಲ್ಟಿಮೋರ್ ರೇವನ್ಸ್ ತಂಡದ ಎರಿಕ್ ಡಿಕೋಸ್ಟಾ 1996ರಲ್ಲಿ ತೀರಾ ಕೆಳಗಿನ ಹುದ್ದೆಗೆ ಸೇರಿದರು. ಅಲ್ಲಿನ ಕಿರಿಯರನ್ನು '20/20 ಕ್ಲಬ್' ಎಂದು ತಮಾಷೆಗೆ ಕರೆಯುತ್ತಿದ್ದರು: ಇಪ್ಪತ್ತರ ಹರೆಯ, ವರ್ಷಕ್ಕೆ 20 ಸಾವಿರ ಡಾಲರ್ ಸಂಬಳ. ಡಿಕೋಸ್ಟಾ ಜನರಲ್ ಮ್ಯಾನೇಜರ್ ಆದದ್ದು 2019ರಲ್ಲಿ. 23 ವರ್ಷ, ಅದೂ ಒಂದೇ ತಂಡದಲ್ಲಿ.

ರೋಸ್‌ಮನ್ ಈ ಮೆಟ್ಟಿಲಿನಿಂದ ಹತ್ತಲಿಲ್ಲ. ಅವರ ಮೊದಲ ಕೆಲಸ ಒಪ್ಪಂದ ಮತ್ತು ಸ್ಯಾಲರಿ ಕ್ಯಾಪ್‌ನ ಲೆಕ್ಕ. ಕ್ಯಾಪ್ ಬಂದು ಆರೇ ವರ್ಷವಾಗಿತ್ತು. ಆ ನಿಯಮಗಳನ್ನು ಓದಿ ಅರಗಿಸಿಕೊಳ್ಳಬಲ್ಲ ವಕೀಲರು ತಂಡಗಳಿಗೆ ಬೇಕಾಗಿದ್ದರು. ಹಳೆಯ ಬಾಗಿಲ ಪಕ್ಕದಲ್ಲಿ ಹೊಸದೊಂದು ಬಾಗಿಲು ಆಗಷ್ಟೇ ತೆರೆದಿತ್ತು, ಕಾನೂನು ಪದವಿ ಹಿಡಿದ ಈ ಯುವಕ ಅದರ ಮುಂದೆ ನಿಂತಿದ್ದರು. ಹದಿನೈದು ವರ್ಷ ಮೊದಲು ಹುಟ್ಟಿದ್ದರೆ ಅದೇ ಪತ್ರಗಳನ್ನು ಬರೆದೂ ಆ ಬಾಗಿಲು ಇರುತ್ತಿರಲಿಲ್ಲ. ಈಚೆಗೆ ಮೂರನೆಯದೂ ತೆರೆದಿದೆ, ಅಂಕಿಅಂಶ ಬಲ್ಲವರಿಗೆ. ವಾಲ್ ಸ್ಟ್ರೀಟಿನಲ್ಲಿ ಸರಕು ವ್ಯಾಪಾರದ ಲೆಕ್ಕ ಮಾಡುತ್ತಿದ್ದ ಕ್ವೇಸಿ ಅಡೋಫೊ-ಮೆನ್ಸಾ 2022ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ ಜನರಲ್ ಮ್ಯಾನೇಜರ್ ಆದದ್ದು ಹೀಗೆ.

ನಾಣ್ಯ ಚಿಮ್ಮಿದ ಹಾಗೆ?

ಮೇಲೆ ಹೋದವರು ಆಟಗಾರರನ್ನು ಗುರುತಿಸುವುದರಲ್ಲಿ ಬೇರೆಯವರಿಗಿಂತ ಜಾಣರು ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಕೇಡ್ ಮ್ಯಾಸಿ ಮತ್ತು 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದನ್ನು ಪರೀಕ್ಷಿಸಿದರು. ಅವರ ಲೆಕ್ಕ ಸರಳ. ಡ್ರಾಫ್ಟ್‌ನಲ್ಲಿ ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಒಬ್ಬರ ಬೆನ್ನಿಗೆ ಒಬ್ಬರು ಆಯ್ಕೆಯಾಗಿದ್ದಾರೆ ಎನ್ನಿ. ಮೊದಲು ಆಯ್ಕೆಯಾದವನೇ ಮುಂದೆ ಹೆಚ್ಚು ಚೆನ್ನಾಗಿ ಆಡಿದ್ದು ಎಷ್ಟು ಸಲ? ನೂರಕ್ಕೆ ಸುಮಾರು 52 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಲ ಸರಿಯಾಗುತ್ತಿತ್ತು.

ತಪ್ಪು ತಿಳಿಯಬೇಡಿ. ಮೊದಲ ಸುತ್ತಿನವರು ಏಳನೇ ಸುತ್ತಿನವರಿಗಿಂತ ಸರಾಸರಿಯಲ್ಲಿ ಖಂಡಿತ ಉತ್ತಮ. ಸ್ಕೌಟ್‌ಗಳ ಓಡಾಟ ದಂಡವಲ್ಲ. ಆದರೆ "ಇವನಲ್ಲ, ಅವನು" ಎಂಬ ಕೂದಲೆಳೆಯ ತೀರ್ಮಾನದಲ್ಲಿ, ಅಂದರೆ ಜನರಲ್ ಮ್ಯಾನೇಜರ್‌ಗಳನ್ನು ಹೊಗಳುವ ಇಲ್ಲವೇ ಬಯ್ಯುವ ಜಾಗದಲ್ಲಿ, ಅದೃಷ್ಟದ ಪಾಲು ಬಹಳ ದೊಡ್ಡದು.

ಸಣ್ಣದೊಂದು ಲೆಕ್ಕ ಮಾಡಿ. 32 ತಂಡಗಳ 32 ಮುಖ್ಯಸ್ಥರನ್ನು ನಿಲ್ಲಿಸಿ ನಾಣ್ಯ ಚಿಮ್ಮಲು ಹೇಳಿ. ಹೆಡ್ ಬಿದ್ದವರು ಉಳಿಯಲಿ, ಟೇಲ್ ಬಿದ್ದವರು ಮನೆಗೆ. ಮೊದಲ ಸಲಕ್ಕೆ 16 ಜನ ಉಳಿಯುತ್ತಾರೆ, ಆಮೇಲೆ 8, 4, 2, ಐದನೇ ಸಲಕ್ಕೆ ಒಬ್ಬ. ಆ ಒಬ್ಬನಿಗೆ ಸತತ ಐದು ಸಲ ಹೆಡ್ ಬಿದ್ದಿದೆ. ಪತ್ರಿಕೆಯವರು ಅವನ ಮನೆಗೆ ಹೋಗಿ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂದು ಕೇಳುತ್ತಾರೆ. ಕೌಶಲ ಒಂದಿಷ್ಟೂ ಇಲ್ಲದಿದ್ದರೂ 32 ಜನರಲ್ಲಿ ಇಂಥ ಒಬ್ಬ ಸಿಗುತ್ತಾನೆ.

ಇದೇ ಆಟದ ಅತ್ಯಂತ ಪ್ರಸಿದ್ಧ ಉದಾಹರಣೆ ಟಾಮ್ ಬ್ರೇಡಿ. 2000ದ ಡ್ರಾಫ್ಟ್‌ನಲ್ಲಿ 199ನೆಯವರಾಗಿ ಆಯ್ಕೆಯಾಗಿ ಏಳು ಸೂಪರ್ ಬೌಲ್ ಗೆದ್ದರು, ಅದರಲ್ಲಿ ಆರು ತಮ್ಮನ್ನು ಆರಿಸಿದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಪರವಾಗಿ. ಆ ತಂಡದ ದೂರದೃಷ್ಟಿಯನ್ನು ಕೊಂಡಾಡುವವರು ಒಂದು ಮಾತು ಮರೆಯುತ್ತಾರೆ. ಬ್ರೇಡಿಗಿಂತ ಮೊದಲು ಪೇಟ್ರಿಯಟ್ಸ್ ಅದೇ ಡ್ರಾಫ್ಟ್‌ನಲ್ಲಿ ಬೇರೆ ಆರು ಜನರನ್ನು ಆರಿಸಿತ್ತು. ಅವರು ಏನಾಗುತ್ತಾರೆಂದು ನಿಜವಾಗಿ ಗೊತ್ತಿದ್ದರೆ ಯಾರಾದರೂ 199ರವರೆಗೆ ಕಾಯುತ್ತಿದ್ದರೇ?

ಹಾಗಾದರೆ ಬುದ್ಧಿವಂತ ತಂಡ ಏನು ಮಾಡಬಹುದು? ಲಾಟರಿ ಎಂದು ಒಪ್ಪಿಕೊಂಡರೆ ದುಬಾರಿಯ ಒಂದು ಚೀಟಿಗಿಂತ ಅಗ್ಗದ ಹಲವು ಚೀಟಿಗಳು ಮೇಲು. ಮೇಲಿನ ಸರದಿಗಳಿಗೆ ತಂಡಗಳು ತೀರಾ ಹೆಚ್ಚು ಬೆಲೆ ಕೊಡುತ್ತವೆ, ಅದನ್ನು ಮಾರಿ ಕೆಳಗಿನ ಹಲವು ಸರದಿಗಳನ್ನು ಪಡೆಯುವುದು ಲಾಭ ಎಂಬುದೇ ಮ್ಯಾಸಿ-ಥೇಲರ್ ಅಧ್ಯಯನದ ಸಾರ. ಡಿಕೋಸ್ಟಾ ಕಲಿತ ರೇವನ್ಸ್ ತಂಡ ಇದರಲ್ಲಿ ಪಳಗಿದ್ದು. ತಮ್ಮ ಆಟಗಾರರು ಒಪ್ಪಂದ ಮುಗಿಸಿ ಬೇರೆಡೆ ಹೋದಾಗ ಪರಿಹಾರವಾಗಿ ಸಿಗುವ ಹೆಚ್ಚುವರಿ ಸರದಿಗಳನ್ನು ಅದು ಎಲ್ಲ ತಂಡಗಳಿಗಿಂತ ಹೆಚ್ಚು ಗಳಿಸಿದೆ.

ಫಾರ್ವರ್ಡ್‌ನಲ್ಲಿ ಇಲ್ಲದ ಭಾಗ

ಈಗ ರೋಸ್‌ಮನ್ ಕಥೆಗೆ ಮರಳೋಣ. ಇಂಟರ್ನ್‌ನಿಂದ ಸೂಪರ್ ಬೌಲ್‌ಗೆ ನೇರ ಗೆರೆ ಎಳೆದರೆ ನಡುವೆ ಏನೇನು ಬಿಟ್ಟುಹೋಗುತ್ತದೆ?

2015ರ ಜನವರಿಯಲ್ಲಿ ಅವರ ಕೈಯಿಂದ ಆಟಗಾರರ ಆಯ್ಕೆಯ ಅಧಿಕಾರವನ್ನು ತೆಗೆದು ಕೋಚ್ ಚಿಪ್ ಕೆಲ್ಲಿಗೆ ಕೊಡಲಾಯಿತು. ರೋಸ್‌ಮನ್‌ಗೆ ಸಿಕ್ಕಿದ್ದು ಇನ್ನೂ ದೊಡ್ಡ ಹೆಸರಿನ, ಕಡಿಮೆ ಕೆಲಸದ ಹುದ್ದೆ. ಕಚೇರಿ ರಾಜಕೀಯ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಡಿಸೆಂಬರ್ 29ರಂದು ಕೆಲ್ಲಿಯನ್ನು ಕೆಲಸದಿಂದ ತೆಗೆದರು, ಅಧಿಕಾರ ರೋಸ್‌ಮನ್‌ಗೆ ಮರಳಿತು. 1994ರಿಂದ ತಂಡದ ಮಾಲೀಕರಾಗಿರುವ ಜೆಫ್ರಿ ಲೂರಿ ಅವರನ್ನು ಹೊರಗೆ ಕಳಿಸದೆ ಇಟ್ಟುಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು. ಕೆಲ್ಲಿಯ ತಂಡ ಆ ವರ್ಷ ಚೆನ್ನಾಗಿ ಆಡಿದ್ದರೆ? ಇಂದು ಈ ಲೇಖನದಲ್ಲಿ ಬೇರೆ ಯಾರದೋ ಹೆಸರು ಇರುತ್ತಿತ್ತು.

2016ರಲ್ಲಿ ರೋಸ್‌ಮನ್ ಹಲವು ಸರದಿಗಳನ್ನು ಒತ್ತೆಯಿಟ್ಟು ಎರಡನೇ ಸ್ಥಾನಕ್ಕೆ ಏರಿ ಕಾರ್ಸನ್ ವೆಂಟ್ಜ್ ಎಂಬ ಕ್ವಾರ್ಟರ್‌ಬ್ಯಾಕ್ ಅನ್ನು ತಂದರು. ಚೆಂಡು ಹಿಡಿದು ಯಾರಿಗೆ ಎಸೆಯಬೇಕೆಂದು ನಿರ್ಧರಿಸುವ ಆಟಗಾರ ಕ್ವಾರ್ಟರ್‌ಬ್ಯಾಕ್. ತಂಡದ ಅತಿ ಮುಖ್ಯ ಸ್ಥಾನ. 2017ರ ಡಿಸೆಂಬರ್‌ನಲ್ಲಿ ವೆಂಟ್ಜ್ ಮಂಡಿಗೆ ಪೆಟ್ಟಾಯಿತು. ಎರಡು ತಿಂಗಳ ನಂತರ ಸೂಪರ್ ಬೌಲ್ ಗೆಲ್ಲಿಸಿ ಪಂದ್ಯದ ಅತ್ಯುತ್ತಮ ಆಟಗಾರ ಎನಿಸಿಕೊಂಡದ್ದು ಬದಲಿಯಾಗಿ ಕೂತಿದ್ದ ನಿಕ್ ಫೋಲ್ಸ್. ಅಂದರೆ ಮೊದಲ ಮಹಾ ಗೆಲುವು ಬಂದದ್ದು ಅತಿ ದೊಡ್ಡ ಪಣದಿಂದಲ್ಲ, ಪಕ್ಕದಲ್ಲಿ ಇಟ್ಟುಕೊಂಡಿದ್ದ ಸಣ್ಣ ಮುನ್ನೆಚ್ಚರಿಕೆಯಿಂದ.

2020ರ ಡ್ರಾಫ್ಟ್ ಇನ್ನೂ ರುಚಿಕರ. ಮೊದಲ ಸುತ್ತಿನ 21ನೇ ಸರದಿಯಲ್ಲಿ ಈಗಲ್ಸ್ ಜೇಲನ್ ರೇಗರ್ ಎಂಬ ಹುಡುಗನನ್ನು ಆರಿಸಿತು. ಮರುಕ್ಷಣ 22ನೇ ಸರದಿಯಲ್ಲಿ ಮಿನೆಸೋಟ ಅದೇ ಸ್ಥಾನದ ಜಸ್ಟಿನ್ ಜೆಫರ್ಸನ್‌ರನ್ನು ಆರಿಸಿತು. ಜೆಫರ್ಸನ್ ಆ ಪೀಳಿಗೆಯ ಅತ್ಯುತ್ತಮರಲ್ಲಿ ಒಬ್ಬರಾದರು. ರೇಗರ್ ಎರಡೇ ವರ್ಷ ಆಡಿದ ಮೇಲೆ ಬೇರೆ ತಂಡಕ್ಕೆ ಹೋದರು. ಹೋದದ್ದು, ನೋಡಿ, ಮಿನೆಸೋಟಕ್ಕೇ. ಫಿಲಡೆಲ್ಫಿಯಾ ಅಭಿಮಾನಿಗಳು ಇದನ್ನು ಈಗಲೂ ನೆನೆದು ಹಲ್ಲು ಕಡಿಯುತ್ತಾರೆ.

ಆದರೆ ಅದೇ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, 53ನೇ ಸರದಿಯಲ್ಲಿ, ರೋಸ್‌ಮನ್ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ರನ್ನು ಆರಿಸಿದರು. ಹಿಂದಿನ ವರ್ಷವಷ್ಟೇ ವೆಂಟ್ಜ್ ಜೊತೆ ನಾಲ್ಕು ವರ್ಷಕ್ಕೆ 12.8 ಕೋಟಿ ಡಾಲರ್‌ನ ಹೊಸ ಒಪ್ಪಂದ ಆಗಿತ್ತು. ಇದೇಕೆ ಎಂದು ಎಲ್ಲರೂ ಬೈದರು. ಒಂದು ಆಯ್ಕೆ ದೊಡ್ಡ ಎಡವಟ್ಟು, ಇನ್ನೊಂದು 2025ರ ಸೂಪರ್ ಬೌಲ್‌ನ ಅತ್ಯುತ್ತಮ ಆಟಗಾರ. ನಡುವೆ ಇದ್ದದ್ದು 32 ಸರದಿ.

ರೋಸ್‌ಮನ್‌ರ ನಿಜವಾದ ಕೌಶಲ ಎಲ್ಲಿದೆ ಎಂದು ಕೇಳಿದರೆ ನಾನು 2021ನ್ನು ತೋರಿಸುತ್ತೇನೆ. ವೆಂಟ್ಜ್ ಆಟ ಕುಸಿದಿತ್ತು. ಅವರನ್ನು ಬೇರೆ ತಂಡಕ್ಕೆ ಕಳಿಸಿದರೂ ಅವರಿಗೆ ಆಗಲೇ ಒಪ್ಪಿಕೊಂಡಿದ್ದ ಹಣ ಈಗಲ್ಸ್‌ನ ಕ್ಯಾಪ್ ಲೆಕ್ಕದಲ್ಲಿ ಉಳಿಯುತ್ತಿತ್ತು. ಮುಂಗಡವಾಗಿ ಕೊಟ್ಟ ಬೋನಸ್ಸನ್ನು ಐದು ವರ್ಷಗಳವರೆಗೆ ಹಂಚಿ ಬರೆಯಲು ನಿಯಮವಿದೆ. 5 ಕೋಟಿ ಕೊಟ್ಟರೆ ವರ್ಷಕ್ಕೆ 1 ಕೋಟಿಯಂತೆ. ಆಟಗಾರ ನಡುವೆಯೇ ಹೊರಟರೆ ಬಾಕಿಯೆಲ್ಲ ಒಮ್ಮೆಗೇ ತಲೆಮೇಲೆ ಬೀಳುತ್ತದೆ. ವೆಂಟ್ಜ್ ವಿಷಯದಲ್ಲಿ ಅದು ಸುಮಾರು 3.38 ಕೋಟಿ ಡಾಲರ್, ಅಂದಿಗೆ ಲೀಗ್‌ನ ದಾಖಲೆ. ತಂಡದಲ್ಲಿಲ್ಲದ ಆಟಗಾರನಿಗೆ ಲೆಕ್ಕದಲ್ಲಿ ಅಷ್ಟು ಜಾಗ! "ಇಷ್ಟು ಸುರಿದಿದ್ದೇವೆ, ಇನ್ನೊಂದು ವರ್ಷ ನೋಡೋಣ" ಎನ್ನುವುದು ಮನುಷ್ಯ ಸಹಜ. ಹೋದ ದುಡ್ಡಿಗಾಗಿ ಇನ್ನಷ್ಟು ದುಡ್ಡು ಸುರಿಯುವ ಈ ತಪ್ಪನ್ನು ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಬಹಳ ಅಧ್ಯಯನ ಮಾಡಿದ್ದಾರೆ. ನಿಂತುಹೋದ ಮನೆ ಕೆಲಸ, ಮುಳುಗುತ್ತಿರುವ ಚೀಟಿ ವ್ಯವಹಾರ, ಎಲ್ಲೆಲ್ಲೂ ಕಾಣುತ್ತದೆ. ರೋಸ್‌ಮನ್ ತಾವೇ ತಂದ, ತಾವೇ ಹಣ ಕೊಟ್ಟ ಆಟಗಾರನನ್ನು ಆ ನಷ್ಟ ಹೊತ್ತು ಬಿಟ್ಟುಕೊಟ್ಟರು. ಆಟಗಾರರನ್ನು ಗುರುತಿಸುವ ಮಂತ್ರದೃಷ್ಟಿಗಿಂತ ಇದು ಅಪರೂಪದ್ದು ಎಂಬುದು ನನ್ನ ಅಭಿಪ್ರಾಯ.

ಪತ್ರ ಬರೆದ ಉಳಿದವರು

ತಂಡಗಳಿಗೆ ಪತ್ರ ಬರೆದ ಹುಡುಗ ರೋಸ್‌ಮನ್ ಒಬ್ಬರೇ ಅಲ್ಲ. ಅಷ್ಟೇ ಹಠದಿಂದ ಬರೆದು, ಉತ್ತರ ಬಾರದೆ, ಬೇರೆ ಕೆಲಸ ಹಿಡಿದವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಗೆದ್ದವರನ್ನು ಮಾತ್ರ ನೋಡಿ ಗೆಲುವಿನ ಕಾರಣ ಹುಡುಕಿದರೆ ಇದೇ ತೊಂದರೆ: ಹಠ ಗೆದ್ದವರಲ್ಲೂ ಇರುತ್ತದೆ, ಸೋತವರಲ್ಲೂ ಇರುತ್ತದೆ. ಸೋತವರನ್ನು ಎಣಿಸದೆ ಹಠದ ಬೆಲೆ ಗೊತ್ತಾಗದು. ಹಠವಿಲ್ಲದೆ ಇಲ್ಲಿಗೆ ಬರಲಾಗದು ಎಂಬುದು ನಿಜವಿರಬಹುದು. ಹಠವೊಂದಿದ್ದರೆ ಬರಬಹುದು ಎಂಬುದು ಬೇರೆಯೇ ಮಾತು.

ಕುರ್ಚಿಗಳು 32. ಅದರಲ್ಲೂ ಕೆಲವನ್ನು ಮಾಲೀಕರೇ ಹಿಡಿದಿದ್ದಾರೆ. ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ಮಾಲೀಕ ಜೆರ್ರಿ ಜೋನ್ಸ್ ಅವರೇ ಜನರಲ್ ಮ್ಯಾನೇಜರ್, 1989ರಿಂದ. ಕೆಳಗಿನ ಮೆಟ್ಟಿಲಿನ ಸಂಬಳದಲ್ಲಿ ವರ್ಷಗಟ್ಟಲೆ ಕಾಯಲು ಮನೆಯ ಕಡೆಯಿಂದ ಸ್ವಲ್ಪ ಆಸರೆ ಇರಬೇಕು.

ಬಾಗಿಲು ಎಲ್ಲರಿಗೂ ಒಂದೇ ರೀತಿ ತೆರೆದಿರಲಿಲ್ಲ ಕೂಡ. ಎನ್‌ಎಫ್‌ಎಲ್ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು. ಆದರೂ ಲೀಗ್‌ನ ಮೊದಲ ಕಪ್ಪು ಜನರಲ್ ಮ್ಯಾನೇಜರ್ ಆಗಿ ಓಝಿ ನ್ಯೂಸಮ್ ನೇಮಕವಾದದ್ದು 2002ರಲ್ಲಿ, ಲೀಗ್ ಶುರುವಾಗಿ 82 ವರ್ಷದ ಮೇಲೆ. ನ್ಯೂಸಮ್ ದೊಡ್ಡ ಆಟಗಾರರಾಗಿದ್ದವರು, 1990ರಲ್ಲಿ ಆಟ ಬಿಟ್ಟು ಸ್ಕೌಟ್ ಆಗಿ ಮತ್ತೆ ಕೆಳಗಿನಿಂದ ಶುರುಮಾಡಿದವರು. ರೇವನ್ಸ್‌ಗಾಗಿ 1996ರ ಮೊದಲ ಡ್ರಾಫ್ಟ್‌ನಲ್ಲೇ ಅವರು ಆರಿಸಿದ ಜೊನಾಥನ್ ಆಗ್ಡೆನ್ ಮತ್ತು ರೇ ಲೂಯಿಸ್ ಇಬ್ಬರೂ ಮುಂದೆ ಆಟದ ಸರ್ವಶ್ರೇಷ್ಠರ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಅಷ್ಟಾದ ಮೇಲೂ ಆ ಹೆಸರಿನ ಹುದ್ದೆ ಸಿಗಲು ಇನ್ನೂ ಆರು ವರ್ಷ ಬೇಕಾಯಿತು. ಕೋಚ್ ಹುದ್ದೆಗೆ ಅಲ್ಪಸಂಖ್ಯಾತರನ್ನೂ ಸಂದರ್ಶಿಸಲೇಬೇಕು ಎಂಬ 'ರೂನಿ ನಿಯಮ' 2003ರಲ್ಲಿ ಬಂತು. ಜನರಲ್ ಮ್ಯಾನೇಜರ್ ಹುದ್ದೆಗೆ ಅದನ್ನು ವಿಸ್ತರಿಸಿದ್ದು 2009ರಲ್ಲಿ.

ನ್ಯೂಸಮ್‌ರ ಕೊನೆಯ ಡ್ರಾಫ್ಟ್ 2018ರದು. ಆ ವರ್ಷ ಮೊದಲ ಸುತ್ತಿನ ಕಟ್ಟಕಡೆಯ, 32ನೇ ಸರದಿ ಇದ್ದದ್ದು ಆಗಷ್ಟೇ ಸೂಪರ್ ಬೌಲ್ ಗೆದ್ದಿದ್ದ ರೋಸ್‌ಮನ್ ಬಳಿ. ನ್ಯೂಸಮ್ ಅದನ್ನು ಕೇಳಿದರು, ರೋಸ್‌ಮನ್ ಕೊಟ್ಟು ಬದಲಿಗೆ ಕೆಳಗಿನ ಸರದಿಗಳನ್ನು ಪಡೆದರು. ಆ 32ನೇ ಸರದಿಯಲ್ಲಿ ರೇವನ್ಸ್ ಆರಿಸಿದ್ದು ಲಮಾರ್ ಜಾಕ್ಸನ್‌ರನ್ನು. ಮರುವರ್ಷವೇ ಅವರು ಲೀಗ್‌ನ ಅತ್ಯಮೂಲ್ಯ ಆಟಗಾರ, ಅದೂ ಒಂದೇ ಒಂದು ಮತವೂ ಬೇರೆಯವರಿಗೆ ಹೋಗದೆ, 2023ರಲ್ಲಿ ಮತ್ತೊಮ್ಮೆ. ರೋಸ್‌ಮನ್‌ಗೆ ನಷ್ಟವಾಯಿತೇ? ಬದಲಿಗೆ ಸಿಕ್ಕ ಸರದಿಯನ್ನು ಬಳಸಿ ಅವರು ತಂದ ಡಲ್ಲಾಸ್ ಗೊಡರ್ಟ್ 2025ರಲ್ಲಿ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು. ಇನ್ನು ನ್ಯೂಸಮ್: ಅದೇ ಸಂಜೆ, ಜಾಕ್ಸನ್ ಇನ್ನೂ ಕಾಯುತ್ತ ಕೂತಿದ್ದಾಗ, 25ನೇ ಸರದಿಯಲ್ಲಿ ಅವರು ಬೇರೊಬ್ಬ ಆಟಗಾರನ ಹೆಸರನ್ನು ಕೂಗಿಸಿದ್ದರು.